ಅಣ್ಣನ ರಾತ್ರಿ ಪಾಳಿ

ನಮ್ಮ ಸೂಲಿಬೆಲೆಯಲ್ಲಿ ಶಾಲೆ ಬಿಟ್ಟರೆ ಸಾಕು, ಬೇಕರಿ ಮುಂದೆ ಮಕ್ಕಳ ಗುಂಪು. ಮೊನ್ನೆ ನನ್ನ ಮೊಮ್ಮಗಳಿಗೂ ಒಂದು ಆಲೂ ಬನ್ ಕೊಡಿಸಿದೆ. ಆರನೇ ತರಗತಿಯ ಹುಡುಗಿ. ಒಂದು ಸಲ ಕಚ್ಚಿ, "ಬೆಳಗ್ಗೆ ಮಾಡಿರೋದು ತಾತ, ಗಟ್ಟಿಯಾಗೋಗಿದೆ" ಎಂದು ಮೂತಿ ತಿರುಗಿಸಿದಳು.

ನನಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. ಅರವತ್ತು ವರ್ಷದ ಹಿಂದೆ ನಾನೂ ಹೀಗೇ ಮೂತಿ ತಿರುಗಿಸಿದ್ದೆ, ನನ್ನಣ್ಣನ ಎದುರಿಗೇ.

1964ರಲ್ಲಿ ಅಣ್ಣನಿಗೆ ಹದಿನೈದು, ನನಗೆ ಹತ್ತು. ಆ ವರ್ಷ ಹೊಲದಲ್ಲಿ ರಾಗಿ ಕೈಗೆ ಹತ್ತಲಿಲ್ಲ. ಅಣ್ಣ ಓದು ಬಿಟ್ಟು ಬೆಂಗಳೂರಿನ ಒಂದು ಬೇಕರಿಗೆ ಸೇರಿದ. ಎರಡು ಮೂರು ತಿಂಗಳಿಗೊಮ್ಮೆ ಊರಿಗೆ ಬರುವಾಗ ಕಾಗದದ ಪೊಟ್ಟಣದಲ್ಲಿ ಬನ್ನು, ರಸ್ಕು ತರುತ್ತಿದ್ದ. ತಂದವನೇ ಗೋಡೆ ಪಕ್ಕ ಚಾಪೆ ಹಾಸಿಕೊಂಡು ಮಲಗಿಬಿಡುತ್ತಿದ್ದ. ಯುಗಾದಿಗೆ ಬಂದರೂ ನಿದ್ದೆ, ಊರ ಜಾತ್ರೆಗೆ ಬಂದರೂ ನಿದ್ದೆ. ಗೋಲಿ ಆಡಲು ಕರೆದರೆ ಏಳುತ್ತಿರಲಿಲ್ಲ. "ಬನ್ನೂ ಗಟ್ಟಿ, ನೀನೂ ಸೋಮಾರಿ" ಎಂದು ನಾನು ಒಮ್ಮೆ ಕೂಗಾಡಿದೆ. ಅಮ್ಮ ನನ್ನನ್ನು ಆಚೆಗೆ ಎಳೆದುಕೊಂಡು ಹೋಗಿ, "ಅವನ ಕೈ ನೋಡಿದ್ಯೇನೋ?" ಎಂದಳು.

ನೋಡಿದೆ. ಮುಂಗೈಯಿಂದ ಮೊಣಕೈವರೆಗೆ ಸುಟ್ಟ ಗಾಯ. ಹಿಂದಿನ ವಾರ ನಿದ್ದೆಗಣ್ಣಿನಲ್ಲಿ ಒಲೆಯಿಂದ ಟ್ರೇ ಎಳೆಯುವಾಗ ಆದದ್ದಂತೆ.

ಮಕ್ಕಳೇ, ನಿಮ್ಮ ಬೆಳಗಿನ ಕಾಫಿ ಹೊತ್ತಿಗೆ ಬ್ರೆಡ್ಡು ಬಿಸಿಯಾಗಿ ಸಿಗಬೇಕಾದರೆ ಯಾರೋ ಒಬ್ಬರು ರಾತ್ರಿಯೆಲ್ಲ ಎದ್ದಿರಬೇಕು. ಮೈದಾ ನಾದಬೇಕು, ಅದು ಉಬ್ಬುವವರೆಗೆ ಕಾಯಬೇಕು, ಸೌದೆ ಒಲೆ ಕಾಯಿಸಬೇಕು. ಅಣ್ಣನ ಕೆಲಸ ರಾತ್ರಿ ಎಂಟಕ್ಕೆ ಶುರುವಾದರೆ ಬೆಳಗ್ಗೆ ಅಂಗಡಿಗಳಿಗೆ ಬ್ರೆಡ್ಡು ಹಂಚಿ ಬಂದ ಮೇಲೆ ಮುಗಿಯುತ್ತಿತ್ತು. ಮಲಗುವುದು ಅಲ್ಲೇ, ಹಿಟ್ಟಿನ ಮೂಟೆಗಳ ಮಧ್ಯೆ. ಕೈ ಸುಟ್ಟು ಕೆಲಸಕ್ಕೆ ಬಾರದ ದಿನಗಳ ಸಂಬಳವನ್ನು ಮಾಲೀಕರು ಹಿಡಿದುಕೊಂಡರು.

"ಯಾಕೆ ಕೇಳಲಿಲ್ಲ ದೊಡ್ಡ ತಾತ?" ಎಂದು ಮೊಮ್ಮಗಳು ಮೊನ್ನೆ ಅಣ್ಣನನ್ನೇ ಕೇಳಿದಳು. ಜಗಲಿಯ ಮೇಲೆ ಕೂತಿದ್ದ ಅಣ್ಣ, "ಒಬ್ಬ ಕೇಳಿದ್ರೆ ಅವನೊಬ್ಬನನ್ನ ಮನೆಗೆ ಕಳಿಸ್ತಾರೆ ಕಣಮ್ಮ. ಕೆಲಸ ಹೋದ್ರೆ ಮಲಗೋ ಜಾಗಾನೂ ಹೋಗ್ತಿತ್ತು" ಎಂದ.

ಮೇಷ್ಟ್ರಾದ ಮೇಲೆ ನಾನು ಈ ವಿಷಯ ಹುಡುಕಿ ಹುಡುಕಿ ಓದಿದೆ. ಅಣ್ಣನ ಕಷ್ಟ ಅಣ್ಣನದೊಂದೇ ಆಗಿರಲಿಲ್ಲ. 1871ರಲ್ಲಿ ಪ್ಯಾರಿಸ್ ನಗರದಲ್ಲಿ ಜನರೇ ಆಡಳಿತ ಹಿಡಿದಿದ್ದ ಕೆಲವೇ ವಾರಗಳಲ್ಲಿ ಬೇಕರಿಗಳ ರಾತ್ರಿ ಕೆಲಸವನ್ನು ನಿಷೇಧಿಸಿದ್ದರು. ಅಮೆರಿಕದ ಬೇಕರಿ ಕೆಲಸಗಾರರು 1886ರಲ್ಲಿ ದೇಶಕ್ಕೆಲ್ಲ ಒಂದು ಸಂಘ ಕಟ್ಟಿಕೊಂಡರು. ನ್ಯೂಯಾರ್ಕ್ ರಾಜ್ಯದಲ್ಲಿ 1895ರಲ್ಲಿ ಒಂದು ಕಾನೂನು ಬಂತು: ಬೇಕರಿಯವರನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಸಬಾರದು. ಲಾಕ್ನರ್ ಎಂಬ ಬೇಕರಿ ಮಾಲೀಕ ಕೋರ್ಟಿಗೆ ಹೋದ. 1905ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಅವನ ಕಡೆ, ನಾಲ್ವರು ವಿರುದ್ಧ. ಒಬ್ಬರ ಮತದಿಂದ ಆ ಮಿತಿ ಬಿದ್ದುಹೋಯಿತು. ಆದರೂ ಬೇಡಿಕೆ ನಿಲ್ಲಲಿಲ್ಲ. 1925ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಬೇಕರಿಗಳ ರಾತ್ರಿ ಕೆಲಸದ ಬಗ್ಗೆಯೇ ಒಂದು ಒಪ್ಪಂದ ಮಾಡಿತು. ರಾತ್ರಿ ಹೊತ್ತು ಆಳೂ ಬ್ರೆಡ್ ಮಾಡಬಾರದು, ಮಾಲೀಕನೂ ಮಾಡಬಾರದು ಎಂದಿತ್ತು ಅದರಲ್ಲಿ.

ನಮ್ಮ ದೇಶದಲ್ಲಿ 1918ರಲ್ಲಿ ಬಿ.ಪಿ. ವಾಡಿಯಾ ಅವರು ಮದ್ರಾಸಿನ ಗಿರಣಿ ಕೆಲಸಗಾರರ ಜೊತೆ ನಿಂತು ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು. ಬೆಂಗಳೂರಿನ ಬಸವನಗುಡಿಯಲ್ಲಿ ಬಿ.ಪಿ. ವಾಡಿಯಾ ರಸ್ತೆ ಇದೆಯಲ್ಲ, ಅದು ಅವರ ಹೆಸರಿನದೇ. 1926ರ ಕಾಯ್ದೆಯು ಏಳು ಜನ ಸೇರಿದರೆ ಸಂಘವನ್ನು ನೋಂದಾಯಿಸಬಹುದು ಎಂದಿತು. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆ ಕೆಲಸ, ಒಂದು ದಿನ ರಜೆ ಎಂದಿತು.

"ಹಾಗಾದ್ರೆ ಕಾನೂನು ಇತ್ತಲ್ಲ!" ಎಂದಳು ಮೊಮ್ಮಗಳು.

ಇತ್ತು. ಆದರೆ ಕಾರ್ಖಾನೆ ಎನಿಸಿಕೊಳ್ಳಲು ವಿದ್ಯುತ್ ಯಂತ್ರವಿದ್ದರೆ ಹತ್ತು ಜನ, ಇಲ್ಲದಿದ್ದರೆ ಇಪ್ಪತ್ತು ಜನ ಕೆಲಸಗಾರರು ಇರಬೇಕಿತ್ತು. ಅಣ್ಣನ ಬೇಕರಿಯಲ್ಲಿ ಇದ್ದವರು ಆರೇ ಜನ. ನಮ್ಮ ಕಡೆಯ ಬೇಕರಿಗಳೆಲ್ಲ ಹೆಚ್ಚಾಗಿ ಹೀಗೇ. 1898ರಲ್ಲಿ ಚಿಕ್ಕಪೇಟೆಯಲ್ಲಿ ತಿರುಮಲಾಚಾರ್ ಅವರು ಬಿ.ಬಿ. ಬೇಕರಿ ತೆರೆದ ಮೇಲೆ ಹಾಸನ ಸೀಮೆಯಿಂದ ಬಂದ ಅಯ್ಯಂಗಾರರು ಊರೂರಲ್ಲಿ ಬೇಕರಿ ಇಟ್ಟರು. ಮನೆಯವರು, ನೆಂಟರು, ಊರಿನ ಹುಡುಗರು ಸೇರಿ ನಡೆಸುವ ಅಂಗಡಿಗಳು. ಮಾಲೀಕನೂ ಜೊತೆಗೇ ಹಿಟ್ಟು ನಾದುವ ಕಡೆ ಸಂಘ ಎಂಬ ಮಾತು ಬಾಯಿಗೆ ಬರುವುದು ಕಷ್ಟ. ಹತ್ತು ಅಂಗಡಿಗಳ ಹುಡುಗರು ಸೇರಿದ್ದರೆ ಆಗುತ್ತಿತ್ತು. ಆದರೆ ಎಲ್ಲರೂ ರಾತ್ರಿ ಒಲೆ ಮುಂದೆ, ಹಗಲು ನಿದ್ದೆಯಲ್ಲಿ. ಸೇರುವುದು ಯಾವಾಗ?

1971ರಲ್ಲಿ ಅಣ್ಣ ಒಂದು ದೊಡ್ಡ ಬ್ರೆಡ್ ಕಾರ್ಖಾನೆಗೆ ಸೇರಿದ. ಯಂತ್ರದಲ್ಲಿ ಬ್ರೆಡ್ ಮಾಡಿ ಮೇಣದ ಕಾಗದ ಸುತ್ತಿ ಮಾರುವುದು ಆಗ ಹೆಚ್ಚುತ್ತಿತ್ತು. ಸರ್ಕಾರವೇ 1965ರಲ್ಲಿ ಮಾಡರ್ನ್ ಬೇಕರೀಸ್ ಶುರು ಮಾಡಿತ್ತು. ಅಣ್ಣನ ಕಾರ್ಖಾನೆಯಲ್ಲಿ ಯೂನಿಯನ್ ಇತ್ತು. ರಾತ್ರಿ ಪಾಳಿ ಸದಾ ಅದೇ ಜನರಿಗೆ ಬೀಳಬಾರದು, ಸರದಿ ಪ್ರಕಾರ ಬರಬೇಕು ಎಂದು ಅವರು ಕೇಳಿದರು. ಮಾತುಕತೆ ಮುರಿದು ಹನ್ನೊಂದು ದಿನ ಮುಷ್ಕರ ನಡೆಯಿತು. ಸಂಬಳವಿಲ್ಲ. ಅಪ್ಪ ಇಲ್ಲಿಂದ ರಾಗಿ ಹಿಟ್ಟು ಕಳಿಸಿದರು. "ಎಲ್ಲಾರಿಗೂ ಭಯ ಇತ್ತು. ಹೆಂಡ್ತಿ ಮಕ್ಕಳು ಇದ್ದೋರು ಅಳ್ತಿದ್ರು. ಕೆಲವರು ಒಳಗೆ ಹೋಗೂ ಬಿಟ್ರು" ಎಂದ ಅಣ್ಣ. ಹಾಗೆ ಹೋದವರನ್ನು ಅವನು ಈಗಲೂ ಬೈಯುವುದಿಲ್ಲ.

ಕೊನೆಗೆ ಮಾಲೀಕರು ಒಪ್ಪಿದರು: ಒಂದು ವಾರ ರಾತ್ರಿ, ಎರಡು ವಾರ ಹಗಲು, ವಾರಕ್ಕೊಂದು ರಜೆ. ಮುಂದಿನ ಯುಗಾದಿಗೆ ಅಣ್ಣ ಬಂದ. ಮಲಗಲಿಲ್ಲ. ಹೋಳಿಗೆ ತಿಂದು, ನನ್ನ ಜೊತೆ ಕೆರೆ ಏರಿ ಮೇಲೆ ಕತ್ತಲಾಗುವವರೆಗೆ ಓಡಾಡಿದ. ಆಗ ನಾನು ಕಾಲೇಜಿನ ಹುಡುಗ, ಗೋಲಿ ಆಡುವ ವಯಸ್ಸು ದಾಟಿತ್ತು.

ಈಗಲೂ ಅಣ್ಣನಿಗೆ ರಾತ್ರಿ ಎರಡಕ್ಕೇ ಎಚ್ಚರವಾಗುತ್ತದೆ. ಚಿಕ್ಕಂದಿನಲ್ಲಿ ಅಂಟಿದ ಅಭ್ಯಾಸ, ಯಾವ ಸಂಘಕ್ಕೂ ಬಿಡಿಸಲಾಗಲಿಲ್ಲ.

ಮೊಮ್ಮಗಳು ಉಳಿದ ಬನ್ನನ್ನು ಸುಮ್ಮನೆ ತಿಂದು ಮುಗಿಸಿದಳು. ಮಾರನೆಯ ಸಂಜೆ ಬೇಕರಿಯಲ್ಲಿ ಟ್ರೇ ಜೋಡಿಸುತ್ತಿದ್ದ ಹುಡುಗನನ್ನು ಕೇಳಿದಳು: "ಅಣ್ಣಾ, ನಿಮಗೆ ರಜೆ ಯಾವತ್ತು?" ಆ ಹುಡುಗ ಗಲ್ಲಾ ಕಡೆಗೊಮ್ಮೆ ನೋಡಿ ನಕ್ಕ, ಉತ್ತರ ಕೊಡಲಿಲ್ಲ.