ದ್ವೀಪವಾದ ಗುಡ್ಡಗಳು

ಪುತ್ತೂರು, ಸುಳ್ಯ, ಕಡಬ ಸೀಮೆಗಳಲ್ಲಿ ಪೂಜೆಗೆ ಕುಳಿತವರು ಸಂಕಲ್ಪದಲ್ಲಿ ತಾವಿರುವ ನೆಲವನ್ನು ಪರಶುರಾಮಕ್ಷೇತ್ರವೆಂದು ಹೇಳಿಕೊಳ್ಳುವುದು ವಾಡಿಕೆ. ಭಾರ್ಗವನು ಸಹ್ಯಾದ್ರಿಯ ಮೇಲೆ ನಿಂತು ಕೊಡಲಿಯನ್ನು ಬೀಸಿ ಒಗೆದನು. ಸಮುದ್ರರಾಜನು ಅಂಜಿ ಹಿಂದೆ ಸರಿದನು. ಅವನು ಬಿಟ್ಟುಕೊಟ್ಟ ನೆಲವೇ ಈ ಕರಾವಳಿ. ಅಡಕೆತೋಟಗಳ ನಡುವೆ, ಕಡಲಿನಿಂದ ದೂರದಲ್ಲಿ ಬೆಳೆದ ಮಕ್ಕಳಿಗೂ ಈ ಕಥೆ ಬಾಯಿಪಾಠ. ಕಡಲು ಕೊಟ್ಟಿತು, ನೆಲ ಪಡೆಯಿತು ಎಂಬ ಲೆಕ್ಕ ಹೀಗೆ ಮನಸ್ಸಿನಲ್ಲಿ ನಿಂತುಬಿಡುತ್ತದೆ. ಆದರೆ ಆ ಲೆಕ್ಕಕ್ಕೆ ಇನ್ನೊಂದು ಪುಟವೂ ಉಂಟು. ಅದರಲ್ಲಿ ಕೊಟ್ಟದ್ದು ನೆಲ, ಪಡೆದದ್ದು ಕಡಲು.

ಆ ಪುಟದ ಗುರುತು ಮಲ್ಪೆಯ ಎದುರಿಗಿದೆ. ದಡದಿಂದ ಮೂರು ನಾಲ್ಕು ಮೈಲುಗಳಾಚೆ ಇರುವ ಸೈಂಟ್ ಮೇರಿ ದ್ವೀಪಗಳಲ್ಲಿ ಬಂಡೆಗಳು ಒತ್ತಾಗಿ ನಿಲ್ಲಿಸಿದ ಕಂಬಗಳಂತಿವೆ. ಕುದಿಯುವ ಶಿಲಾರಸವು ಆರಿ ಕುಗ್ಗುವಾಗ ಬಿರುಕುಬಿಟ್ಟು ಹೀಗೆ ಐದಾರು ಮೂಲೆಯ ಕಂಬಗಳಾಯಿತು. ಇದು ಸುಮಾರು ೮.೮ ಕೋಟಿ ವರ್ಷಗಳ ಹಿಂದಿನ ಮಾತು. ಮಡಗಾಸ್ಕರ್ ಭಾರತದಿಂದ ಅಗಲಿದ ಕಾಲ. ಆ ಅಗಲಿಕೆಗೆ ಕಾರಣ ಭೂಮಿಯ ಒಳಗಿನ ಬೆಂಕಿ. ಮಲ್ಪೆಯಿಂದ ಈ ಬಂಡೆಗಳು ಅಗಲಿದುದು ತೀರ ಈಚೆಗೆ. ಅದಕ್ಕೆ ಕಾರಣ ಬರಿಯ ನೀರು. ಶಿಲೆ ಪ್ರಾಚೀನ, ದ್ವೀಪತ್ವ ಮಾತ್ರ ಹೊಸತು.

ಸುಮಾರು ೨೦,೦೦೦ ವರ್ಷಗಳ ಹಿಂದೆ ಉತ್ತರ ಯೂರೋಪು, ಉತ್ತರ ಅಮೆರಿಕಗಳ ಮೇಲೆ ಹಿಮದ ಮಹಾರಾಶಿ ಕವಿದಿತ್ತು. ಕಡಲಿನ ನೀರೇ ಅಲ್ಲಿ ಗಡ್ಡೆಕಟ್ಟಿ ನಿಂತುದರಿಂದ ಲೋಕದ ಸಮುದ್ರಗಳೆಲ್ಲ ಇಂದಿಗಿಂತ ಸುಮಾರು ೪೦೦ ಅಡಿ ಕೆಳಗಿದ್ದುವು. ಆಗ ಮಲ್ಪೆಯ ದ್ವೀಪಗಳೂ ಮುರುಡೇಶ್ವರದ ಎದುರಿನ ನೇತ್ರಾಣಿಯೂ ಬಯಲ ನಡುವಣ ಗುಡ್ಡಗಳು. ಇಂದು ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಸುಳ್ಯದ ಪಯಸ್ವಿನಿ ಚಂದ್ರಗಿರಿಯೆನಿಸಿ ಕಾಸರಗೋಡಿನ ಬಳಿ ಸೇರುತ್ತದೆ. ಅಂದು ಘಟ್ಟದ ನೀರು ಈ ದಡಗಳನ್ನು ದಾಟಿ ಬಹುದೂರ ಹರಿದ ಮೇಲೆಯೇ ಕಡಲನ್ನು ಕಾಣಬೇಕಾಗಿತ್ತು. ಹೊಳೆಗಳ ಆ ಕೊನೆಯ ಹಾದಿ ಈಗ ನೀರಿನಡಿಯಲ್ಲಿದೆ.

ಇದಕ್ಕೆ ಸಾಕ್ಷಿಯನ್ನು ಕಡಲತಳವೇ ಕೊಡುತ್ತದೆ. ಪಶ್ಚಿಮ ಕರಾವಳಿಯ ಎದುರು ಹತ್ತಾರು ಮಾರು ಆಳದಿಂದ ಮೀನಿನ ತತ್ತಿಯಂತೆ ದುಂಡಗಿರುವ ಸುಣ್ಣದ ಕಾಳುಗಳು ಮೇಲೆ ಬಂದಿವೆ. ಅಲೆಯಾಡುವ ಆಳವಿಲ್ಲದ ನೀರಿನಲ್ಲಲ್ಲದೆ ಅಂತಹ ಕಾಳು ಹುಟ್ಟದು. ಅವು ದೊರೆತ ಎಡೆಯಲ್ಲಿ ಒಂದು ಕಾಲಕ್ಕೆ ದಡವಿತ್ತು.

ಹಿಮ ಕರಗತೊಡಗಿತು, ಕಡಲು ಏರಿತು. ಸುಮಾರು ೭,೦೦೦ ವರ್ಷಗಳ ಹಿಂದೆ ಅದು ಹೆಚ್ಚುಕಡಮೆ ಇಂದಿನ ಮಟ್ಟಕ್ಕೆ ಬಂದಿತು. ಸರಾಸರಿ ಹಿಡಿದರೆ ನೂರು ವರ್ಷಕ್ಕೆ ಮೂರಡಿಯ ಏರಿಕೆ. ಗುಡ್ಡವು ದ್ವೀಪವಾಗುವ ಬಗೆಯನ್ನು ಉಪ್ಪಿನಂಗಡಿಯ ಆಟಿಯ ನೆರೆ ಕಂಡವರು ಸುಲಭವಾಗಿ ಊಹಿಸಬಲ್ಲರು. ನೀರು ಗೋಡೆಯಂತೆ ಎದ್ದು ಬರುವುದಿಲ್ಲ; ಮೊದಲು ಹಿಂದಿನ ತಗ್ಗನ್ನು ತುಂಬುತ್ತದೆ. ದಿಬ್ಬದ ಮನೆಯವರು ನೋಡನೋಡುತ್ತಿದ್ದಂತೆ ದಾರಿ ಮುಚ್ಚಿರುತ್ತದೆ. ನೆರೆಯಲ್ಲಿ ಒಂದು ಹಗಲಿಗೆ ಆಗುವುದು ಅಲ್ಲಿ ತಲೆಮಾರುಗಳಿಗೆ ಆಯಿತು. ಅಜ್ಜನು ಸದಾ ನಡೆದ ಹಾದಿಯಲ್ಲಿ ಮಗನು ಇಳಿತ ಕಾದು ನಡೆದಿರಬೇಕು. ಮೊಮ್ಮಗನಿಗೆ ಹಾದಿಯೇ ಇಲ್ಲ. ಗುಡ್ಡವು ಎಲ್ಲಿಗೂ ಹೋಗಲಿಲ್ಲ. ಇದ್ದಲ್ಲಿಯೇ ಇದ್ದು ಅದು ದೂರವಾಯಿತು.

ಸಿಂಹಳವು ಭರತಖಂಡದಿಂದ ಕೊನೆಯ ಬಾರಿ ಬೇರೆಯಾದುದೂ ಇದೇ ಏರಿಕೆಯಿಂದ. ಬ್ರಿಟನ್ ಸುಮಾರು ೮,೦೦೦ ವರ್ಷಗಳ ಹಿಂದೆ ಯೂರೋಪಿನಿಂದ ಹೀಗೆಯೇ ಕಡಿದುಹೋಯಿತು. ೧೯೩೧ರಲ್ಲಿ ಆ ನಡುವಣ ಸಮುದ್ರದಲ್ಲಿ ಬಲೆಯೆಳೆಯುತ್ತಿದ್ದ ಹಡಗಿಗೆ ಜೌಗುಮಣ್ಣಿನ ಹೆಂಟೆಯೊಂದು ಸಿಕ್ಕಿತು. ಅದರೊಳಗೆ ಮನುಷ್ಯನು ಕೆತ್ತಿದ, ಮುಳ್ಳುಗಳುಳ್ಳ ಕೊಂಬಿನ ಮೊನೆಯೊಂದಿತ್ತು. ಮೀನು ಈಜುವಲ್ಲಿ ಬೇಟೆಗಾರರು ನಡೆದಾಡಿದ್ದರು.

ಪರಶುರಾಮನ ಕಥೆಯನ್ನು ಇಷ್ಟರಿಂದ ಸುಳ್ಳೆನ್ನಬೇಕಾಗಿಲ್ಲ. ಬ್ರಹ್ಮಾಂಡಪುರಾಣದಲ್ಲಿ ಗೋಕರ್ಣವು ಮೊದಲು ಸಮುದ್ರದ ಪಾಲಾಗುತ್ತದೆ. ಋಷಿಗಳು ಮೊರೆಯಿಟ್ಟ ಮೇಲೆ ಭಾರ್ಗವನು ಅದನ್ನು ಬಿಡಿಸಿಕೊಡುತ್ತಾನೆ. ಇದನ್ನು ಹಿಮಯುಗದ ನೆನಪೆಂದು ಸಾಧಿಸಹೊರಡುವುದು ದುಡುಕಾದೀತು. ಆದರೆ ಕಡಲು ಏರಿ ಬರುವುದೂ ಉಂಟೆಂಬುದನ್ನು ಪುರಾಣಕಾರರು ಮರೆತಿರಲಿಲ್ಲ. ಬಾಯಿಮಾತಿನ ಕಥೆ ಹಿಂದೆ ಸರಿದುದನ್ನಷ್ಟೇ ಉಳಿಸಿಕೊಂಡಿತು.

ಕಡಲು ಈಗ ಮತ್ತೆ ಏರುತ್ತಿದೆ. ೧೯೦೦ರಿಂದೀಚೆಗೆ ಲೋಕದ ಸಮುದ್ರಗಳು ಸುಮಾರು ೮ ಅಂಗುಲ ಮೇಲೆ ಬಂದಿವೆ. ಈ ಸಲದ ಕಾವು ಮನುಷ್ಯನೇ ಹೊತ್ತಿಸಿದ ಬೆಂಕಿಯದು. ಉಳ್ಳಾಲದ ಕಡೆಯ ಕೊರೆತಕ್ಕೆ ಬೇರೆ ಕಾರಣಗಳೂ ಉಂಟು. ಅದರೊಡನೆ ಇದೂ ಸೇರುತ್ತದೆ. ಘಟ್ಟದ ತಪ್ಪಲಿನವರು ಅದನ್ನು ದೂರದ ಸುದ್ದಿಯೆಂದು ಓದುವರು. ನೀರು ಇಲ್ಲಿಯವರೆಗೆ ಬಾರದೆಂಬುದು ನಿಜವೇ. ಆದರೆ ತಗ್ಗಿನ ನೆಲ ಮುಳುಗಿದಾಗ ಅಲ್ಲಿಯ ಜೀವಗಳಿಗೆ ಉಳಿದುದು ಅಂದೂ ಮೂಡಣ ದಿಕ್ಕೊಂದೇ, ಇಂದೂ ಅದೊಂದೇ. ಆ ದಿಕ್ಕಿನಲ್ಲಿ ಇರುವುದು ಪುತ್ತೂರು, ಸುಳ್ಯ, ಕಡಬ.