ಮಾವು ನಾಯಕ, ಮೆಣಸಿನಕಾಯಿ ಖಳನಾಯಕ!

ಬೀರಿಗೆ ಖಾರ ಹಾಕ್ತಾರೆ ಅಂದರೆ ನೀವು ನಂಬ್ತೀರಾ? ನಾನೂ ನಂಬಿರಲಿಲ್ಲ. ಕಳೆದ ತಿಂಗಳು ಬೆಂಗಳೂರಿನಲ್ಲಿ ಒಂದು ಚಿತ್ರದ ಮುಹೂರ್ತದ ವರದಿ ಮುಗಿಸಿ ಹೊರಟಿದ್ದೆ. ಸಹನಿರ್ದೇಶಕ ಗೆಳೆಯನೊಬ್ಬ, "ಬಾರಯ್ಯಾ, ನಿಮ್ಮೂರ ಸರಕು ಕುಡಿಸ್ತೀನಿ" ಅಂತ ಎಳೆದುಕೊಂಡು ಹೋದ. ಅಲ್ಲೇ ಬೀರು ತಯಾರಿಸಿ ಅಲ್ಲೇ ಮಾರುವ ಪಬ್ಬು ಅದು. ನಮ್ಮೂರು ಬ್ಯಾಡಗಿ. ಅಲ್ಲಿ ಕುಡಿಯುವಂಥ ಸರಕು ಏನಿದೆ ಮಾರಾಯ ಎಂದುಕೊಂಡೆ.

ಬಂತು ನೋಡಿ! ಉದ್ದನೆಯ ಗ್ಲಾಸು, ಮಾಗಿದ ಮಾವಿನ ಬಣ್ಣ, ಮೇಲೆ ಬೆಳ್ಳನೆ ನೊರೆ. ಅಂಚಿಗೆ ಸಿಕ್ಕಿಸಿದ್ದು ಮೈಯೆಲ್ಲ ಸುಕ್ಕುಗಟ್ಟಿದ ಒಂದು ಒಣಮೆಣಸಿನಕಾಯಿ. ಆ ಸುಕ್ಕು ನೋಡಿದ ಮೇಲೆ ಬ್ಯಾಡಗಿಯವನಿಗೆ ಬೇರೆ ಸಾಕ್ಷಿ ಬೇಕೆ?

ಮೊದಲ ಗುಟುಕಿಗೆ ನಾಯಕನ ಪ್ರವೇಶ. ಮೂಗಿನ ತುಂಬ ಮಾವಿನ ಪರಿಮಳ. ಆದರೆ ನಾಲಿಗೆಗೆ ಸಿಹಿಯೇ ಇಲ್ಲ, ಹುಳಿ! ಬಡಿಸುವ ಹುಡುಗ ವಿವರಿಸಿದ: ಹುದುಗುವಾಗ ಹಣ್ಣಿನ ತಿರುಳು ಹಾಕ್ತಾರೆ, ಅದರ ಸಕ್ಕರೆಯನ್ನು ಯೀಸ್ಟು ತಿಂದುಹಾಕುತ್ತೆ, ಉಳಿಯೋದು ಪರಿಮಳ ಮತ್ತು ಹುಳಿ. ಕೊನೆಗೆ ಮೆಣಸಿನಕಾಯಿ ಸೀಳಿ ನೆನೆಹಾಕ್ತಾರಂತೆ. ಬ್ಯಾಡಗಿಗೆ ಬಣ್ಣ ಹೆಚ್ಚು, ಖಾರ ಕಮ್ಮಿ. ಅದಕ್ಕೆ ಗುಂಟೂರಿನದೂ ಜೊತೆಗೆ ಬೀಳುತ್ತೆ.

ಗುಟುಕು ಗಂಟಲಿಗಿಳಿಯಿತು. ಆಗ ಬಂದ ಸ್ವಾಮಿ, ವಜ್ರಮುನಿ! ತಣ್ಣಗೆ ಅಡಗಿದ್ದ ಖಾರ ಗಂಟಲಲ್ಲಿ ನಿಂತು ಅಬ್ಬರಿಸಿತು. ಆರಿಸೋಣವೆಂದು ಮತ್ತೊಂದು ಗುಟುಕು ಕುಡಿದರೆ ಇನ್ನಷ್ಟು ಉರಿ. ಖಾರ ನೀರಿಗೆ ಕರಗುವುದಿಲ್ಲ, ಬೀರಿನಲ್ಲಿ ಬಹುಪಾಲು ನೀರೇ. ಗುಳ್ಳೆಗಳು ಬೇರೆ ಚುಚ್ಚುತ್ತವೆ. ಹಾಲೋ ಮೊಸರೋ ಬೇಕು. ಪಬ್ಬಿನಲ್ಲಿ ಮೊಸರು ಕೇಳಲಾದೀತೆ? ಕಣ್ಣಲ್ಲಿ ನೀರು ಬಂತು. ಗೆಳೆಯ ನಕ್ಕ. ಖಾರಕ್ಕೆ ಕಣೋ ಎಂದೆ.

ನಿಜ ಬೇರೆ. ಆ ರುಚಿ ನನಗೆ ಹೊಸದಲ್ಲ. ಅಪ್ಪ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲ. ಸಂಜೆಗೆ ಮೈಯೆಲ್ಲ ಕೆಂಪು ಧೂಳು, ಬಿಡದ ಕೆಮ್ಮು. ಸಾರಾಯಿ ಪಾಕೀಟನ್ನು ಹಲ್ಲಿನಲ್ಲಿ ಹರಿದು ಕುಡೀತಿದ್ದ. ನಂಚಿಕೊಳ್ಳಲಿಕ್ಕೆ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಹೋಳು. ಅದನ್ನು ತರೋದು ನನ್ನ ಕೆಲಸ. "ತಮ್ಮಾ, ನೀನೂ ಒಂದು ಹೋಳು ತಿನ್ನಲೇ" ಅಂತಿದ್ದ.

2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯಿತು. ಅವ್ವ ದೇವರಿಗೆ ಕಾಯಿ ಒಡೆಸಿದಳು. ಅಪ್ಪ ಬಾಟಲಿಗೆ ಹೋದ. ದುಡ್ಡು ಹೆಚ್ಚು ಹೋಯಿತು, ಅಷ್ಟೆ. 2011ರಲ್ಲಿ ನಮ್ಮ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಗೌರವ ಸಿಕ್ಕಿತು. ಬೆಂಗಳೂರಿನಲ್ಲಿ ಇಂಥ ಮೊದಲ ಪಬ್ಬು ತೆರೆದದ್ದೂ ಅದೇ ವರ್ಷ. ಮಾವು ಅದೇ, ಖಾರ ಅದೇ, ಮತ್ತೂ ಅದೇ. ಅಪ್ಪ ಕುಡಿದರೆ ಚಟ, ನಾವು ಕುಡಿದರೆ ರುಚಿ ನೋಡುವುದು! ಅವನನ್ನು ಕುಡುಕ ಎಂದು ಬೈದವರಲ್ಲಿ ನಾನೂ ಒಬ್ಬ. ನಾನು ಪಿಯುಸಿ ಬಿಟ್ಟ ವರ್ಷ ಅವನು ತೀರಿಕೊಂಡ.

ಬಿಲ್ಲು ಬಂತು. ಎರಡು ಗ್ಲಾಸಿಗೆ ಅಪ್ಪನ ಆಗಿನ ಒಂದು ವಾರದ ಕೂಲಿ. ಗೆಳೆಯನೇ ಕೊಟ್ಟ.

ಬೀರು ಚೆನ್ನಾಗಿತ್ತೇ ಅಂತೀರಾ? ಚೆನ್ನಾಗಿತ್ತು, ಸುಳ್ಳು ಹೇಳಲಾರೆ. ಇನ್ನೊಂದು ತರಿಸಲೇ ಎಂದ, ಬೇಡ ಎಂದೆ. ಅಂಚಿನ ಮೆಣಸಿನಕಾಯಿಯನ್ನು ಮಾತ್ರ ಜೇಬಿಗೆ ಹಾಕಿಕೊಂಡೆ. ನಮ್ಮೂರಿನದನ್ನು ಎಂಜಲು ತಟ್ಟೆಯಲ್ಲಿ ಬಿಟ್ಟು ಬರಲು ಮನಸ್ಸಾಗಲಿಲ್ಲ.