ಇಳಿದ ತೂಕ ಎಲ್ಲಿಗೆ ಹೋಯ್ತು?

ಬರೆಯದೆ ಬಹಳ ದಿನ ಆಗಿತ್ತು. ಆಫೀಸು, ಜಿಮ್ಮು, ಮತ್ತೆ ಆಫೀಸು ಅಂತ ಓಡಾಡೋದ್ರಲ್ಲೇ ಸಂಜೆಗಳು ಮುಗಿದು ಹೋಗ್ತಿದ್ವು. ಇವತ್ತು ಬರೀಬೇಕು ಅನ್ನಿಸಿದ್ದು ಒಂದು ಲೆಕ್ಕದ ಬಗ್ಗೆ. ಗಾಬರಿ ಬೇಡ, ಗುಣಿಸೋದು ಭಾಗಿಸೋದು ಬಂದ್ರೆ ಸಾಕು.

೨೦೨೪ರ ಜುಲೈನಿಂದ ಏಳು ತಿಂಗಳು ನಾನು 'ಬಲ್ಕಿಂಗ್' ಮಾಡಿದೆ. ಜಿಮ್ಮಿನ ಭಾಷೆ ಗೊತ್ತಿಲ್ಲದವರಿಗೆ ಹೇಳ್ಬೇಕಂದ್ರೆ, ಭಾರ ಎತ್ತೋರು ಮಾಂಸಖಂಡ ಬೆಳೆಸಿಕೊಳ್ಳೋಕೆ ಕೆಲವು ತಿಂಗಳು ಬೇಕಂತಲೇ ಖರ್ಚಿಗಿಂತ ಜಾಸ್ತಿ ತಿಂತಾರೆ. ಜೊತೆಗೆ ಒಂದಿಷ್ಟು ಕೊಬ್ಬೂ ಸೇರ್ಕೊಳ್ಳುತ್ತೆ. ಆಮೇಲೆ ಆ ಕೊಬ್ಬನ್ನ ಇಳಿಸೋಕೆ ಊಟ ಕಮ್ಮಿ ಮಾಡ್ತಾರೆ, ಅದು 'ಕಟಿಂಗ್'. ೫೪ ಕೆಜಿ ಇದ್ದ ನಾನು ೬೧.೪ಕ್ಕೆ ಬಂದೆ. ಇದರಿಂದ ಅತಿ ಹೆಚ್ಚು ಖುಷಿಪಟ್ಟವರು ತೀರ್ಥಹಳ್ಳಿಯಲ್ಲಿರೋ ನಮ್ಮಮ್ಮ. "ಈಗ ನೋಡು, ಮೈಕೈ ತುಂಬ್ಕೊಂಡು ಲಕ್ಷಣವಾಗಿ ಕಾಣ್ತೀಯ" ಅಂತ ಪ್ರತಿ ಫೋನಲ್ಲೂ ಹೇಳೋರು. ಅಕ್ಕಿರೊಟ್ಟಿ, ಕಡುಬು, ಮಿಡಿ ಉಪ್ಪಿನಕಾಯಿ ಎಲ್ಲಕ್ಕೂ ಪರ್ಮಿಶನ್ ಇದ್ದ ಕಾಲ ಅದು!

೨೦೨೫ರ ಫೆಬ್ರವರಿಯಲ್ಲಿ ಕಟಿಂಗ್ ಶುರು. ಒಂದೇ ವಾರಕ್ಕೆ ತೂಕ ೫೯.೧. ಅಂದ್ರೆ ೨.೩ ಕೆಜಿ ಮಾಯ. ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ, "ಎಂಥಾ ಆಯ್ತೇ ನಿಂಗೆ? ಮುಖ ಇಳ್ದು ಹೋಗಿದ್ಯಲೆ!" ಅಂದ್ರು. ಎಷ್ಟು ಇಳಿದಿದೆ ಅಂತ ಹೇಳಿದ್ಮೇಲೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ನಾಳೆನೇ ಶುಗರ್ ಟೆಸ್ಟ್ ಮಾಡಿಸು" ಅಂದ್ರು.

ಇದನ್ನ ನಗೆಯಾಡಿ ಬಿಡೋ ಹಾಗಿರಲಿಲ್ಲ. ೨೦೦೯ರಲ್ಲಿ ನಮ್ಮಪ್ಪ ಹೀಗೇ ಇಳಿದಿದ್ರು. ಊಟ ಯಾವತ್ತಿನ ಹಾಗೇ, ತೋಟದ ಕೆಲಸ ಯಾವತ್ತಿನ ಹಾಗೇ, ಪಂಚೆ ಮಾತ್ರ ದಿನದಿನಕ್ಕೆ ಸಡಿಲ. ರಾತ್ರಿ ನಾಲ್ಕೈದು ಸಲ ಎದ್ದು ಹೋಗೋದು, ತಂಬಿಗೆ ತಂಬಿಗೆ ನೀರು ಕುಡಿಯೋದು. ಡಾಕ್ಟರ ಹತ್ರ ಹೋಗೋ ಹೊತ್ತಿಗೆ ಸಕ್ಕರೆ ಕಾಯಿಲೆ ಚೆನ್ನಾಗಿಯೇ ಬೇರೂರಿತ್ತು. ಹಾಗಾಗಿ ನಮ್ಮನೇಲಿ 'ತೂಕ ಇಳೀತು' ಅನ್ನೋದು ಒಳ್ಳೆ ಸುದ್ದಿ ಅಲ್ಲ.

ನನ್ನದು ಹಾಗಲ್ಲ ಅಂತ ಅಮ್ಮಂಗೆ ಹೇಳಿದ್ದು ಒಂದು ಸಣ್ಣ ಲೆಕ್ಕದಿಂದ. ಒಂದು ಕೆಜಿ ಮೈಕೊಬ್ಬು ಅಂದ್ರೆ ಸುಮಾರು ೭,೭೦೦ ಕ್ಯಾಲರಿ. ೨.೩ ಕೆಜಿಯೂ ಕೊಬ್ಬೇ ಆಗಿದ್ರೆ ೧೭,೭೧೦ ಕ್ಯಾಲರಿ ಕರಗಿರಬೇಕು. ನನ್ನ ದೇಹ ದಿನಕ್ಕೆ ಸುಡೋದು ಅಂದಾಜು ೨,೧೫೦, ವಾರಕ್ಕೆ ೧೫,೦೫೦. ಅಂದ್ರೆ ಏಳು ದಿನ ಒಂದಗಳೂ ಬಾಯಿಗೆ ಹಾಕದೆ ಉಪವಾಸ ಕೂತಿದ್ರೂ ಅಷ್ಟು ಕೊಬ್ಬು ಕರಗೋದು ಸಾಧ್ಯ ಇರಲಿಲ್ಲ! ನಾನು ತಿಂತಿದ್ದದ್ದು ದಿನಕ್ಕೆ ೧,೭೫೦. ದಿನಕ್ಕೆ ೪೦೦ ಕಮ್ಮಿ, ವಾರಕ್ಕೆ ೨,೮೦೦. ಭಾಗಿಸಿದ್ರೆ ಕೊಬ್ಬು ಹೋಗಿದ್ದು ಬರೀ ಮುನ್ನೂರೈವತ್ತು ಗ್ರಾಂ ಚಿಲ್ಲರೆ.

ಹಾಗಾದ್ರೆ ಉಳಿದ ಎರಡು ಕೆಜಿ ಹತ್ತಿರ ಹತ್ತಿರ ಎಲ್ಲಿ ಹೋಯ್ತು?

ಮುಕ್ಕಾಲು ಪಾಲು ಉತ್ತರ ನೀರು. ನಾವು ತಿನ್ನೋ ಅನ್ನ, ರೊಟ್ಟಿಯ ಪಿಷ್ಟದಲ್ಲಿ ಒಂದು ಭಾಗವನ್ನ ದೇಹ ಗ್ಲೈಕೋಜನ್ ಅಂತ ಮಾಂಸಖಂಡದಲ್ಲೂ ಲಿವರಿನಲ್ಲೂ ಕೂಡಿಡುತ್ತೆ. ದೊಡ್ಡವರ ಮೈಯಲ್ಲಿ ಒಟ್ಟು ಅರ್ಧ ಕೆಜಿ ಆಸುಪಾಸು ಇರುತ್ತೆ. ಆದರೆ ಅದು ಒಣಗಿದ ಅಕ್ಕಿ ಥರ ಇರಲ್ಲ, ನೆನೆಸಿಟ್ಟ ಅಕ್ಕಿ ಥರ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು. ಊಟ ಕಮ್ಮಿ ಮಾಡಿದ ಮೊದಲ ದಿನಗಳಲ್ಲಿ ದೇಹ ಕೈ ಹಾಕೋದು ಈ ಡಬ್ಬಕ್ಕೇ. ೨೫೦ ಗ್ರಾಂ ಖರ್ಚಾದ್ರೆ ನೀರೂ ಸೇರಿ ಒಂದು ಕೆಜಿ ಇಳೀತು.

ಇನ್ನು ಉಪ್ಪು. ಪಿಷ್ಟ ಕಮ್ಮಿಯಾದಾಗ ಇನ್ಸುಲಿನ್ ಕಮ್ಮಿಯಾಗುತ್ತೆ, ಆಗ ಮೂತ್ರಪಿಂಡಗಳು ಉಪ್ಪನ್ನ ಮೊದಲಿನಷ್ಟು ಹಿಡಿದಿಟ್ಟುಕೊಳ್ಳಲ್ಲ. ಉಪ್ಪು ಹೋದ ಕಡೆ ನೀರೂ ಹೋಗುತ್ತೆ. ಉಪ್ಪಿನಕಾಯಿ, ಹಪ್ಪಳ, ಹೋಟೆಲ್ ತಿಂಡಿ ನಿಂತಿದ್ದೂ ಇದಕ್ಕೆ ಸೇರ್ಕೊಂಡಿತು. ಕೊನೇದು, ಹೇಳೋಕೆ ಸ್ವಲ್ಪ ಸಂಕೋಚ... ತಿಂದಿದ್ದು ಹೊರಗೆ ಹೋಗೋವರೆಗೂ ಕರುಳಲ್ಲೇ ಇರುತ್ತಲ್ಲ, ಅದಕ್ಕೂ ತೂಕ ಇದೆ. ತಿನ್ನೋದು ಕಮ್ಮಿಯಾದ್ರೆ ಅದೂ ಕಮ್ಮಿ.

"ಹಾಗಾದ್ರೆ ಕಷ್ಟಪಟ್ಟು ಬೆಳೆಸಿದ ಮಾಂಸಖಂಡ?" ಅಂತ ಕೇಳ್ತೀರ. ಜಿಮ್ಮಲ್ಲಿ ಎಲ್ಲರಿಗೂ ಇರೋ ಭಯ ಇದು. ಗ್ಲೈಕೋಜನ್, ನೀರು ಹೋದಾಗ ತೋಳು ಸ್ವಲ್ಪ ಬತ್ತಿದ ಹಾಗೆ ಕಾಣೋದು ನಿಜ. ಆದರೆ ಫೆಬ್ರವರಿ ಕೊನೆಯಲ್ಲೂ ನಾನು ೭೦ ಕೆಜಿ ಡೆಡ್‌ಲಿಫ್ಟ್ ಐದು ಸಲ ಎತ್ತುತ್ತಿದ್ದೆ, ಜನವರಿಯಲ್ಲಿ ಎತ್ತಿದ ಹಾಗೇ. ಭಾರ ಎತ್ತೋದು ಬಿಡದೆ, ಮೊಟ್ಟೆ, ಬೇಳೆ, ಮೊಸರು ಅಂತ ಪ್ರೋಟೀನ್ ಕಮ್ಮಿ ಮಾಡದೆ ಇದ್ರೆ ಒಂದು ವಾರದಲ್ಲಿ ಎರಡು ಕೆಜಿ ಮಾಂಸಖಂಡ ಎಲ್ಲೂ ಓಡಿ ಹೋಗಲ್ಲ.

ಲೆಕ್ಕ ಇಷ್ಟು ಸರಿ ಇದ್ರೂ ನಾನು ಶುಗರ್ ಟೆಸ್ಟ್ ಮಾಡಿಸಿದೆ. ಅಪ್ಪನಿಗೆ ಇರೋದು ನನಗೂ ಬರೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಅದಕ್ಕೂ ಹೆಚ್ಚಾಗಿ, ಅಮ್ಮನ ಹದಿನಾರು ವರ್ಷದ ಹೆದರಿಕೆಗೆ ನನ್ನ ಗುಣಾಕಾರ ಭಾಗಾಕಾರ ಉತ್ತರ ಆಗಲ್ಲ. ಖಾಲಿ ಹೊಟ್ಟೆಯಲ್ಲಿ ೮೮ ಬಂತು. ನೂರರ ಒಳಗಿದ್ರೆ ಸರಿ, ೧೨೬ ದಾಟಿದ್ರೆ ಮಧುಮೇಹದ ಲೆಕ್ಕ. ರಿಪೋರ್ಟಿನ ಫೋಟೋ ಕಳಿಸಿದ್ದಕ್ಕೆ ಅಮ್ಮ ಕೈಮುಗಿಯೋ ಚಿತ್ರ ಮಾತ್ರ ಕಳಿಸಿದ್ರು.

ಆಮೇಲೆ ಯೋಚಿಸಿದ್ರೆ, ಅಪ್ಪನ ಮೈಯಿಂದ ಹೋಗಿದ್ದರಲ್ಲೂ ಸಕ್ಕರೆ, ನೀರು ಇದ್ದವು. ಆದರೆ ಅವರ ದೇಹಕ್ಕೆ ತಿಂದ ಸಕ್ಕರೆಯನ್ನ ಬಳಸೋಕೇ ಆಗ್ತಿರಲಿಲ್ಲ. ಅದು ರಕ್ತದಲ್ಲಿ ತುಂಬಿ, ನೀರನ್ನ ಎಳ್ಕೊಂಡು ಮೂತ್ರದಲ್ಲಿ ಹೋಗ್ತಿತ್ತು. ಹೊಟ್ಟೆ ತುಂಬಾ ಉಂಡರೂ ಮೈ ಉಪವಾಸ ಇತ್ತು. ನಾನು ಕಮ್ಮಿ ತಿಂದೆ, ಇಳಿದೆ. ಅವರು ಕಮ್ಮಿ ತಿನ್ನದೇನೇ ಇಳಿದ್ರು. ಯಾವ ಪ್ರಯತ್ನವೂ ಇಲ್ಲದೆ ಆರು ತಿಂಗಳು, ವರ್ಷದಲ್ಲಿ ನೂರಕ್ಕೆ ಐದು ಪಾಲು ತೂಕ ಇಳಿದ್ರೆ ಡಾಕ್ಟರನ್ನ ನೋಡಲೇಬೇಕು. ದಾಹ, ಪದೇ ಪದೇ ಮೂತ್ರ ಜೊತೆಗಿದ್ರೆ ಅಷ್ಟು ದಿನವೂ ಕಾಯಬಾರದು.

ಮೊದಲ ವಾರ ಹೆದರಿಸಿದ್ರೆ ಮುಂದಿನ ವಾರಗಳು ಬೇರೆ ಥರ ಕಾಡ್ತವೆ. ಮೂರನೇ ವಾರ ೫೮.೬, ನಾಲ್ಕನೇ ವಾರವೂ ೫೮.೫. ಮುಟ್ಟಿಗೆ ಮುಂಚೆ ಎಷ್ಟೋ ಹೆಂಗಸರ ಮೈ ನೀರು ಹಿಡಿಯುತ್ತೆ, ಒಳಗೆ ಕೊಬ್ಬು ಇಳೀತಿದ್ರೂ ಮೆಷಿನ್ ಮುಳ್ಳು ಅಲ್ಲೇ. ಮುಟ್ಟು ಮುಗಿದ ಮೇಲೆ ೫೭.೯. ನಮ್ಮ ಜಿಮ್ಮಿನ ಒಬ್ಬ ಹುಡುಗ ಮೊದಲ ವಾರ ಮೂರು ಕೆಜಿ ಇಳಿದ ಖುಷಿಯಲ್ಲಿದ್ದ. ಎರಡನೇ ವಾರ ಅರ್ಧ ಕೆಜಿ ಮಾತ್ರ ಇಳಿದಿದ್ದಕ್ಕೆ ಅನ್ನ ಪೂರ್ತಿ ಬಿಟ್ಟ. ಮೂರನೇ ವಾರ ಸ್ಕ್ವಾಟ್ ಮಾಡೋವಾಗ ಕಣ್ಣು ಕತ್ತಲೆ ಬಂದು ಕೂತ. ಪಾಪ, ಆ ಅರ್ಧ ಕೆಜಿಯೇ ಅವನ ನಿಜವಾದ ಗಳಿಕೆ ಆಗಿತ್ತು.

ಉಲ್ಟಾ ಲೆಕ್ಕವೂ ಇದೆ. ಏಪ್ರಿಲ್‌ನಲ್ಲಿ ಊರಲ್ಲಿ ಒಂದು ಮದುವೆ. ಮಾರನೇ ದಿನ ಬೆಳಿಗ್ಗೆ ನೋಡಿದ್ರೆ ೧.೪ ಕೆಜಿ ಜಾಸ್ತಿ! ಅದು ಕೊಬ್ಬೇ ಆಗಬೇಕಿದ್ರೆ ದಿನದ ಊಟದ ಮೇಲೆ ನಲವತ್ತಕ್ಕೂ ಹೆಚ್ಚು ಹೋಳಿಗೆ ತಿಂದಿರಬೇಕಿತ್ತು. ತಿಂದಿದ್ದು ನಾಲ್ಕು. (ಸರಿ, ಐದು.) ಮೂರು ದಿನಕ್ಕೆ ತೂಕ ವಾಪಸ್ ಇಳೀತು.

ಈಗ ನಾನು ದಿನಾ ಬೆಳಿಗ್ಗೆ ತೂಕ ನೋಡ್ತೀನಿ, ಆದರೆ ಲೆಕ್ಕಕ್ಕೆ ತಗೊಳ್ಳೋದು ವಾರದ ಸರಾಸರಿ ಮಾತ್ರ. ಅಮ್ಮನೂ ಬದಲಾಗಿದಾರೆ. ತೂಕ ಇಳೀತು ಅಂದ್ರೆ, "ನೀರೋ, ಕೊಬ್ಬೋ? ಸರಿಯಾಗಿ ಹೇಳು" ಅಂತಾರೆ. ಅಪ್ಪ ಪಕ್ಕದಲ್ಲಿ ಕೂತು, "ನಂಗೂ ಒಂದು ಹೋಳಿಗೆ ಲೆಕ್ಕ ಹಾಕಿ ಕೊಡೆ" ಅಂತ ಕೂಗ್ತಾರೆ.

ನಿಮ್ಮನೇಲಿ ತೂಕ ಇಳಿದ್ರೆ ಯಾರು ಗಾಬರಿ ಬೀಳ್ತಾರೆ? ಹೇಳಿ, ಕೇಳೋಣ.